ಮೊದಲನೇ ದಿನ ಏನಾಯ್ತು?

ಅವರ ಬಲಗೈಯ ನಡುಬೆರಳು ತುದಿಯ ಗಿಣ್ಣಿನಲ್ಲಿ ಸ್ವಲ್ಪ ಡೊಂಕಾಗಿತ್ತು. ವರ್ಷಗಟ್ಟಲೆ ರೋಗಿಗಳ ಬೆನ್ನು ಬಡಿದು ಬಡಿದು ಹಾಗಾಗಿದೆ ಎಂದು ಚಳ್ಳಕೆರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ನಿಜವಲ್ಲ. ಚಿಕ್ಕಂದಿನಲ್ಲಿ ಮೊಳಕಾಲ್ಮೂರಿನ ಮನೆಯಲ್ಲಿ ಮಗ್ಗಕ್ಕೆ ಸಿಕ್ಕಿ ಮುರಿದದ್ದು ಎಂದು ಅವರೇ ನನಗೆ ಹೇಳಿದ್ದರು. ಊರಿನ ಮಾತನ್ನು ಹಾಗೇ ಅಚ್ಚಿಗೆ ಕಳಿಸಬಾರದು ಎಂದು ಕಲಿಸಿದ ಕಸುಬು ನನ್ನದು. ಆದ್ದರಿಂದ ಇದನ್ನು ಮೊದಲೇ ತಿದ್ದಿಬಿಡುತ್ತೇನೆ.

ಬಡಿಯುವ ಅಭ್ಯಾಸ ಮಾತ್ರ ನಿಜ. ಎಡ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಅದರ ನಡುಬೆರಳಿನ ಮೇಲೆ ಆ ಡೊಂಕು ಬೆರಳಿನಿಂದ ಟಕ್ ಟಕ್ ಎಂದು ಬಡಿದು ಸದ್ದು ಕೇಳುವರು. ರೋಗಿಯ ಬೆನ್ನು ಎದುರಿಗಿಲ್ಲದಿದ್ದರೆ ಮೇಜು, ಮೇಜಿಲ್ಲದಿದ್ದರೆ ಬಸ್ಸಿನ ಸೀಟು. ಕ್ಲಿನಿಕ್ಕಿನ ಎದುರು ಒಂದು ಎಣ್ಣೆ ಅಂಗಡಿ. ಅಲ್ಲಿಗೆ ಹೋದರೆ ಶೇಂಗಾ ಎಣ್ಣೆಯ ಡಬ್ಬಿಯನ್ನು ಮೇಲಿನಿಂದ ಕೆಳಕ್ಕೆ ಬಡಿಯುತ್ತಾ ಬಂದು, ಸದ್ದು ಮಂದವಾದ ಕಡೆ ಬೆರಳು ನಿಲ್ಲಿಸುವರು.

"ಇಲ್ಲೀತನಕ ಗಾಳಿ. ಇಲ್ಲಿಂದ ಕೆಳಗೆ ಎಣ್ಣೆ."

"ನನ್ ಡಬ್ಬಿಗೆ ಏನಾಗೈತೆ ಡಾಕ್ಟ್ರಮ್ಮ? ಮಾತ್ರೆ ಬರ್ಕೊಡ್ರಿ ಮತ್ತೆ," ಎಂದು ಅಂಗಡಿಯ ಯಜಮಾನ ನಗುವನು.

"ನಿನ್ ಡಬ್ಬಿ ಚೆನ್ನಾಗೈತೆ. ನೀನು ಬೀಡಿ ಬಿಡು. ಇಲ್ಲಾಂದ್ರೆ ನಾಳೆ ನಿನ್ ಬೆನ್ನೂ ಹಿಂಗೇ ಸದ್ದು ಮಾಡ್ತೈತೆ."

ಡಾಕ್ಟ್ರಮ್ಮ ಎಂದೇ ಊರು ಕರೆಯುತ್ತಿತ್ತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಎದೆ ಮತ್ತು ಶ್ವಾಸಕೋಶದ ವೈದ್ಯೆ. ಕೆಳಗೆ ಕ್ಲಿನಿಕ್, ಮೇಲೆ ಮನೆ. ಮದುವೆಯಾಗಿರಲಿಲ್ಲ. ಅಣ್ಣನ ಸಂಸಾರ ಮೊಳಕಾಲ್ಮೂರಿನಲ್ಲಿ ಈಗಲೂ ಮಗ್ಗ ನಡೆಸುತ್ತಿದೆ. ಅವರ ಮನೆಮಾತು ತೆಲುಗು. ಆದರೆ ಕ್ಲಿನಿಕ್ಕಿನ ಹೊಸ್ತಿಲೊಳಗೆ ಅವರದು ಕನ್ನಡವೇ. ಕನ್ನಡ ಬಾರದ ರೋಗಿ ಬಂದರೆ ಮಾತ್ರ ತೆಲುಗು. ಜೊತೆಗಿದ್ದ ಸಿಸ್ಟರ್ ರಾಂಪುರದ ಕಡೆಯವರು, ಅವರ ಮನೆಯಲ್ಲೂ ತೆಲುಗು. "ನಮ್ದು ನಿಮ್ದು ಒಂದೇ ಮಾತು, ಆದ್ರೂ ನಂಜೊತೆ ಒಂದಿನಾನೂ ಆಡಲ್ಲ ನೀವು," ಎಂದು ಅವರು ಗೊಣಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. "ರೋಗಿ ತಲೆ ಮೇಲೆ ನಾವಿಬ್ರು ಬೇರೆ ಮಾತಾಡಿದ್ರೆ, ತಾನು ಸಾಯ್ತೀನಿ ಅಂತಾನೇ ಮಾತಾಡ್ಕೊಳ್ತಾರೆ ಅಂದ್ಕೊಳ್ತಾನೆ ಅವ್ನು," ಎನ್ನುವುದು ಡಾಕ್ಟ್ರಮ್ಮನ ಉತ್ತರ. ಆ ನಿಯಮ ಎಂದೂ ಸಡಿಲಾಗಲಿಲ್ಲ. ಒಂದು ದಿನದ ಹೊರತು. ಆ ದಿನದ ವಿಷಯ ಕೊನೆಗೆ ಹೇಳುತ್ತೇನೆ.

ನಾನು ಅವರ ಬಳಿ ಹೋದದ್ದು ಪತ್ರಕರ್ತನಾಗಿ ಅಲ್ಲ, ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು.

ಅವ್ವನ ತವರು ಗಡಿಯಾಚೆಯ ಹಳ್ಳಿ. ಮದುವೆಯಾಗಿ ಚಳ್ಳಕೆರೆಗೆ ಬಂದವಳು ತೆಲುಗನ್ನು ಅಲ್ಲೇ ಬಿಟ್ಟು ಬಂದಿದ್ದಳು. ನಾವು ಮಕ್ಕಳು ಅವಳ ಬಾಯಲ್ಲಿ ಆ ಮಾತು ಕೇಳಿದವರೇ ಅಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಎದ್ದವಳೇ ನನ್ನ ಹೆಂಡತಿಯನ್ನು ನೋಡಿ, "ಏಮ್ಮೇ, ನೀಳ್ಳು ಇಯ್ಯಿ," ಎಂದಳು. ಹೆಂಡತಿ ನೀರು ಕೊಟ್ಟು ನಕ್ಕಳು. "ಅತ್ತೆ ಇವತ್ತು ತವರ್ಮನೇಲಿ ಅವ್ರೆ." ಮಧ್ಯಾಹ್ನದವರೆಗೂ ಅದೇ. ಜ್ವರವಿಲ್ಲ, ಕೆಮ್ಮಿಲ್ಲ. ಊಟ ಬೇಡವೆಂದಳು, ಅಷ್ಟೇ. ಪಕ್ಕದ ಮನೆಯಾಕೆ ಬಂದು ನೋಡಿ ದನಿ ತಗ್ಗಿಸಿದಳು.

"ಸುಮ್ನಿರ್ರಿ, ನಗಬ್ಯಾಡ್ರಿ. ಗೌರಸಮುದ್ರದ ಮಾರಮ್ಮ ಬಂದವ್ಳೆ ಮೈಮ್ಯಾಲೆ. ಅರಿಶಿಣ ನೀರು ತರ್ರಿ."

ಅರಿಶಿಣ ನೀರೂ ಬಂತು. ಅವ್ವ ಅದನ್ನೂ ಕುಡಿದಳು. ನನಗೆ ಕಂಡದ್ದು ಬರೀ ಸುಸ್ತು. ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಸರಿಹೋಗುತ್ತದೆ ಎಂದುಕೊಂಡು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆ.

"ಮೊದಲನೇ ದಿನ ಏನಾಯ್ತು?" ಎಂದರು ಡಾಕ್ಟ್ರಮ್ಮ. ಯಾವ ರೋಗಿಗೂ ಅವರ ಮೊದಲ ಪ್ರಶ್ನೆ ಅದೇ ಎಂದು ಆಮೇಲೆ ತಿಳಿಯಿತು.

"ಏನೂ ಇಲ್ಲ ಮೇಡಂ. ಜ್ವರ ಇಲ್ಲ, ಕೆಮ್ಮು ಇಲ್ಲ. ಬೆಳಿಗ್ಗೆಯಿಂದ ತೆಲುಗು ಮಾತಾಡ್ತಾರೆ, ಅಷ್ಟೆ."

ಮೇಜಿನ ಮೇಲೆ ಬಡಿಯುತ್ತಿದ್ದ ಬೆರಳು ನಿಂತಿತು. "ಯಾವಾಗ್ಲೂ ಆಡ್ತಾರಾ?"

"ಇಲ್ಲ. ನಾನು ಹುಟ್ಟಿದಾಗಿಂದ ಕೇಳಿಲ್ಲ."

ಅವರು ಎದ್ದು ಅವ್ವನ ಬೆನ್ನ ಹಿಂದೆ ಹೋದರು. ಟಕ್ ಟಕ್. ಮೇಲೆ ಟೊಳ್ಳು ಸದ್ದು. ಬಲಗಡೆ ಕೆಳಕ್ಕೆ ಬರುತ್ತಿದ್ದಂತೆ ಸದ್ದು ಸತ್ತುಹೋಯಿತು. ಎಣ್ಣೆ ತುಂಬಿದ ಡಬ್ಬಿಯನ್ನು ಬಡಿದಂತೆ. ನನಗೂ ಕೇಳಿಸಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರು ಅವ್ವನ ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸಿದರು, ಬೆರಳಿಗೆ ಆಕ್ಸಿಜನ್ ನೋಡುವ ಯಂತ್ರ ಸಿಕ್ಕಿಸಿದರು, ಇಂಜೆಕ್ಷನ್ ಬೇಗ ತರುವಂತೆ ಸಿಸ್ಟರ್ ಕಡೆ ತಿರುಗಿ ಕನ್ನಡದಲ್ಲೇ ಸಣ್ಣಗೆ ಗದರಿದರು. ಎಕ್ಸ್‌ರೇ ಬರುವ ಮೊದಲೇ ಮೊದಲ ಇಂಜೆಕ್ಷನ್ ಹೋಗಿತ್ತು, ಮೂಗಿಗೆ ಆಕ್ಸಿಜನ್ ಬಂದಿತ್ತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತಳಕ್ಕೆ ಸುಣ್ಣ ಬಳಿದಂತೆ ಬೆಳ್ಳಗಿತ್ತು.

ಅವ್ವ ಅವರ ಕೈ ಹಿಡಿದು ತೆಲುಗಿನಲ್ಲಿ ಏನೋ ಕೇಳುತ್ತಲೇ ಇದ್ದಳು. ಅವರು ತೆಲುಗಿನಲ್ಲೇ ಉತ್ತರಿಸಿದರು. ಏನು ಕೇಳಿದಳು ಎಂದು ವಿಚಾರಿಸಿದೆ. "ನಾನು ಅವರಮ್ಮ ಅಂದ್ಕೊಂಡವ್ರೆ. ಹೊಲದಿಂದ ಯಾಕೆ ಇಷ್ಟ್ ಹೊತ್ತಾಯ್ತು ಅಂದ್ರು. ಬಂದ್ನಲ್ಲ ಅಂದೆ."

ಕೆಲವು ದಿನ ಅವ್ವ ಕ್ಲಿನಿಕ್ಕಿನ ಹಾಸಿಗೆಯಲ್ಲಿದ್ದರೂ ಮಾತಿನಲ್ಲಿ ಗಡಿಯಾಚೆಯೇ ಇದ್ದಳು. ಆಮೇಲೊಂದು ಬೆಳಿಗ್ಗೆ ನನ್ನ ಹೆಂಡತಿ ತಂದ ಲೋಟವನ್ನು ಬಾಯಿಗಿಟ್ಟು ಮುಖ ಕಿವುಚಿ, "ಇದೇನೇ ಇದು, ಚಾನೋ ಕಲಗಚ್ಚೋ?" ಎಂದಳು. ಅಪ್ಪಟ ಚಳ್ಳಕೆರೆ ಕನ್ನಡ. ಬಾಗಿಲಲ್ಲಿದ್ದ ಡಾಕ್ಟ್ರಮ್ಮ ನಕ್ಕುಬಿಟ್ಟರು. "ಬಂದ್ರು ವಾಪಸ್ಸು. ಇನ್ನು ಇಂಜೆಕ್ಷನ್ ನಿಲ್ಲಿಸಿ ಮಾತ್ರೆಗೆ ಬರೋಣ."

ಆಮೇಲೆ ನಾನು ಹೋದದ್ದು ಪತ್ರಕರ್ತನಾಗಿ. ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಶ್ವಾಸಕೋಶದಲ್ಲಿ ಗಾಳಿ ಇರಬೇಕಾದ ಜಾಗದಲ್ಲಿ ಸೋಂಕಿನಿಂದ ನೀರು, ಕೀವು ತುಂಬಿಕೊಳ್ಳುವುದು ನ್ಯುಮೋನಿಯಾ. ಆಸ್ಪತ್ರೆಯಲ್ಲಿದ್ದಾಗ ಅಂಟುವುದು ಒಂದು ಬಗೆ, ಹೊರಗೆ ತಮ್ಮ ಪಾಡಿಗೆ ತಾವಿದ್ದವರಿಗೆ ಬರುವುದು ಇನ್ನೊಂದು. ಎರಡನೆಯದಕ್ಕೆ ಪುಸ್ತಕದ ಹೆಸರು "ಸಮುದಾಯದಲ್ಲಿ ತಗಲುವ ನ್ಯುಮೋನಿಯಾ". ನಾನು ಹಾಗೇ ಬರೆದುಕೊಂಡಾಗ ಅವರು ತಡೆದರು. "ಯಾವ ಸಮುದಾಯ ಅಂತ ಜಗಳಕ್ಕೆ ಬರ್ತಾರೆ ಕಣ್ರೀ. ಮನೇಲಿ ಹತ್ತಿದ ನ್ಯುಮೋನಿಯಾ ಅಂತ ಬರೀರಿ."

ಪ್ರಾಯದವರಲ್ಲಿ ಅದು ಚಳಿಜ್ವರ, ಕೆಮ್ಮು, ಪಕ್ಕೆನೋವು ಎಂದು ಬಾಗಿಲು ಬಡಿದು ಬರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಬೀಡಿ ಹೊಗೆಯೋ ಒಲೆ ಹೊಗೆಯೋ ಕುಡಿದ ಎದೆಗಳಲ್ಲಿ, ಎಷ್ಟೋ ಸಲ ಸದ್ದಿಲ್ಲದೆ ಒಳಗೆ ಕೂರುತ್ತದೆ. ಜ್ವರ ಏರುವುದೇ ಇಲ್ಲ. ಊಟ ಬಿಡುತ್ತಾರೆ, ಬೀಳುತ್ತಾರೆ, ಇಲ್ಲವೇ ಬುದ್ಧಿ ಮಸುಕಾಗುತ್ತದೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ಆ ಗೊಂದಲ ರೋಗ ಗಟ್ಟಿಯಾಗಿದೆ ಎಂಬುದರ ಗುರುತು ಎಂದು ಎಲ್ಲ ವೈದ್ಯರಿಗೂ ಗೊತ್ತು. ಡಾಕ್ಟ್ರಮ್ಮ ಹುಡುಕುತ್ತಿದ್ದದ್ದು ಅದರ ಇಲ್ಲಿನ ರೂಪವನ್ನು. ಎರಡು ಭಾಷೆಯ ಈ ಸೀಮೆಯಲ್ಲಿ ಗೊಂದಲ ಮೊದಲು ಕಾಣುವುದು ನಾಲಿಗೆಯಲ್ಲೇ ಇರಬಹುದೇ? ಯಾವತ್ತೋ ಬಿಟ್ಟ ಎಳೆತನದ ಮಾತಿಗೆ ಮುದುಕರು ಹಿಂದಿರುಗಿದಾಗ ಯಾರಿಗೂ ಭಯವಾಗುವುದಿಲ್ಲ. ಕೇಳುವವರಿಗೂ ಆ ಮಾತು ಬರುತ್ತದಲ್ಲ. ಉತ್ತರ ಕೊಟ್ಟು ಸುಮ್ಮನಾಗುತ್ತಾರೆ.

ನನ್ನ ವರದಿ ಹೋಯಿತು. ನಾನು ಕೊಟ್ಟ ತಲೆಬರಹ "ಮಾತು ತೆಲುಗಿಗೆ ಬದಲಾದರೆ ನ್ಯುಮೋನಿಯಾ ಇರಬಹುದು" ಎಂದಿತ್ತು; ಜಾಗ ಕಮ್ಮಿ ಬಿದ್ದು ಡೆಸ್ಕಿನಲ್ಲಿ ಅದನ್ನು ಮೊಟಕು ಮಾಡಿದರು. ಮರುದಿನ ಅಚ್ಚಾದದ್ದು: "ತೆಲುಗು ಮಾತಾಡಿದರೆ ನ್ಯುಮೋನಿಯಾ!"

ಮೊಳಕಾಲ್ಮೂರಿನಿಂದ ಬಳೆ ಮಾರುವ ಹೆಂಗಸೊಬ್ಬಳು ಅತ್ತೆ, ಗಂಡ, ಮೈದುನ ಎಲ್ಲರನ್ನೂ ಕಟ್ಟಿಕೊಂಡು ಬಂದಳು. "ಹುಟ್ಟಿದಾಗಿಂದ ಅದೇ ಆಡ್ತೀವ್ರಿ. ಎಲ್ರಿಗೂ ಬಡ್ದು ನೋಡಿಬಿಡ್ರಿ." ಡಾಕ್ಟ್ರಮ್ಮ ಎಲ್ಲರ ಬೆನ್ನೂ ಬಡಿದು ನೋಡಿ ಕಳಿಸಿ, ನನಗೆ ಫೋನ್ ಮಾಡಿದರು.

"ಏನ್ರೀ ಪೇಪರ್‌ನೋರೇ, ನಿಮ್ ಲೆಕ್ಕದಾಗೆ ಅರ್ಧ ತಾಲ್ಲೂಕು ಐಸಿಯುನಾಗೆ ಇರ್ಬೇಕಲ್ಲ. ಮಾತು ರೋಗ ಅಲ್ರೀ. ಮಾತು ಬದಲಾಗೋದು ಗುರುತು. 'ಬದಲಾದರೆ' ಅನ್ನೋ ಪದ ಎಲ್ಲಿ ಹೋಯ್ತು?"

ಮಾರನೇ ದಿನ ತಿದ್ದುಪಡಿ ಹಾಕಿದೆವು. ಆ ಪದಕ್ಕಾಗಿ ಅವರು ಎರಡು ವಾರ ನನ್ನನ್ನು ಛೇಡಿಸಿದರು.

ರಜೆಯ ದಿನಗಳಲ್ಲಿ ಅವರು ಮನೆಗಳಿಗೆ ಹೋಗುತ್ತಿದ್ದರು. ಹಿರಿಯರು ನ್ಯುಮೋನಿಯಾದಿಂದ ಉಳಿದುಕೊಂಡ ಮನೆಗಳಿಗೆ, ಉಳಿಯದ ಮನೆಗಳಿಗೂ. ಸಿಸ್ಟರ್ ಯಾವಾಗಲೂ ಜೊತೆ. ನಾನು ಕೆಲವು ಸಲ. ಎಲ್ಲ ಕಡೆ ಅದೇ ಪ್ರಶ್ನೆ: ಮೊದಲನೇ ದಿನ ಏನಾಯ್ತು? ಕೊನೆಯ ದಿನದ್ದನ್ನು ಹೇಳಲು ಎಲ್ಲರೂ ತುದಿಗಾಲಲ್ಲಿ ಇರುತ್ತಾರೆ. ಆಂಬುಲೆನ್ಸ್, ದಾವಣಗೆರೆ, ವೆಂಟಿಲೇಟರ್. ಅವರು ಕೇಳುತ್ತಿದ್ದದ್ದು ಯಾರೂ ಗಮನಿಸದ ಮೊದಲ ದಿನವನ್ನು. ಅದು ಎಲ್ಲಿದೆ ಎಂದು ಜನ ಮಾತಿನ ನಡುವೆ ತಡವರಿಸಿ ಹುಡುಕುತ್ತಿದ್ದರು.

ಮೊಳಕಾಲ್ಮೂರಿನ ಒಂದು ನೇಕಾರರ ಮನೆ ನನ್ನನ್ನು ಬಿಟ್ಟಿಲ್ಲ. ತಂದೆ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಮಗ ಮಗ್ಗದಿಂದ ಎದ್ದು ಬಂದು ಕುಳಿತ. ಪಕ್ಕದ ಮನೆಯ ಮಗ್ಗ ನಿಲ್ಲದೆ ಬಡಿದುಕೊಳ್ಳುತ್ತಿತ್ತು.

"ಮೊದಲ್ನೇ ದಿನ ಏನೂ ಇರ್ಲಿಲ್ಲ ಡಾಕ್ಟ್ರಮ್ಮ. ಚೆನ್ನಾಗೇ ಇದ್ರು. ನಾವು ಮಕ್ಕಳ ಹತ್ರ ಕನ್ನಡಾನೇ ಅಲ್ವಾ, ಸ್ಕೂಲಿಗೆ ಅಂತ. ಅಪ್ಪಾನೂ ಹಂಗೇ ರೂಢಿ ಮಾಡ್ಕೊಂಡಿದ್ರು. ಅವತ್ತು ಮಾತ್ರ ಪೂರ್ತಿ ತೆಲುಗು. 'ಊರಿಕಿ ಪೋತಾ, ಊರಿಕಿ ಪೋತಾ' ಅಂತ. ಊರಿಗೆ ಹೋಗ್ತೀನಿ ಅಂತ. ನಾವೆಲ್ಲ ಸುತ್ತ ಕೂತ್ಕೊಂಡು ಕಥೆ ಕೇಳಿದ್ವಿ. ಮೊಮ್ಮಕ್ಕಳು ಎಷ್ಟು ನಕ್ಕಿದ್ರು! ಅಂಥ ದಿನ ನಮ್ಮನೇಲಿ ಬಂದಿರ್ಲಿಲ್ಲ."

ಅವನ ಮುಖದಲ್ಲಿ ಆ ದಿನದ ಸಂತೋಷ ಇನ್ನೂ ಇತ್ತು. ಮನೆಯವರು ಕೊಟ್ಟ ಚಹಾವನ್ನು ಡಾಕ್ಟ್ರಮ್ಮ ಪೂರ್ತಿ ಕುಡಿದರು. ಒಳಗಿದ್ದ ಅವನ ತಾಯಿಯ ಬೆನ್ನು ಬಡಿದು ನೋಡಿದರು. ಲಸಿಕೆ ಹಾಕಿಸಲು ಹೇಳಿದರು. "ಅಮ್ಮ ಊಟ ಬಿಟ್ರೆ, ಮಾಮೂಲಿನಂಗೆ ಇಲ್ಲ ಅನ್ನಿಸಿದ್ರೆ, ಉಸಿರು ಎಣಿಸಿ ನಂಗೆ ಫೋನ್ ಮಾಡು," ಎಂದರು. ಹೊರಡುವಾಗ ಅವನ ಭುಜ ಮುಟ್ಟಿ, "ಚೆನ್ನಾಗಿ ನೋಡ್ಕೊಂಡ್ರಿ ನಿಮ್ಮಪ್ಪನ್ನ," ಎಂದರು.

ಬೀದಿಗೆ ಬಂದ ಮೇಲೆ ಕೇಳಿದೆ. "ಅವತ್ತೇ ಕರ್ಕೊಂಡು ಬಂದಿದ್ರೆ ಉಳೀತಿದ್ರಲ್ವಾ ಮೇಡಂ?"

"ಉಳೀತಿದ್ರೇನೋ."

"ಮತ್ತೆ ಅವನಿಗೆ..."

"ಮೊದಲ್ನೇ ದಿನ ನಂಗೆ ಬೇಕಾಗಿತ್ತು, ಇಸ್ಕೊಂಡೆ. ಅದ್ರ ಅರ್ಥ ಅವ್ನಿಗ್ಯಾಕೆ ಬೇಕು? ಅವ್ನ ಹತ್ರ ಇರೋದು ಅದೊಂದು ಒಳ್ಳೇ ದಿನ." ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ ಸೇರಿಸಿದರು. "ಮುಂದೆ ಪೇಪರ್ ಓದಿ ತಿಳ್ಕೊಂಡ್ರೆ ಏನ್ ಮಾಡ್ಲಿ ಅನ್ನೋದು ನಂಗೂ ಗೊತ್ತಿಲ್ಲ."

ಆಮೇಲೆ ನಾನು ಗಮನಿಸಿದೆ. ಉಳಿದವರ ಮನೆಯಲ್ಲಿ ಅವರು ಬೈಯುತ್ತಿದ್ದರು. ಇಂಜೆಕ್ಷನ್ ನಡುವೆ ಯಾಕೆ ಬಿಟ್ಟಿರಿ, ಜ್ವರ ಇಳಿಯಿತೆಂದು ಮಾತ್ರೆ ಯಾಕೆ ನಿಲ್ಲಿಸಿದಿರಿ, ಕೆಮ್ಮಿಗೆಲ್ಲ ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ತಂದು ಯಾಕೆ ನುಂಗುತ್ತೀರಿ ಎಂದು. "ಚೆನ್ನಾಗಿ ನೋಡ್ಕೊಂಡ್ರಿ" ಎನ್ನುತ್ತಿದ್ದದ್ದು ಇನ್ನೊಂದು ಬಗೆಯ ಮನೆಯಲ್ಲಿ ಮಾತ್ರ. ಗುರುತು ಕಣ್ಣೆದುರಿಗೇ ಬಂದು ಹೋಗಿದ್ದ ಮನೆಯಲ್ಲಿ.

ಅವರ ಸಂಶೋಧನಾ ಲೇಖನ ಒಂದು ವೈದ್ಯಕೀಯ ಪತ್ರಿಕೆಗೆ ಹೋಗಿ ವಾಪಸಾಯಿತು. ರೋಗಿಗಳ ಸಂಖ್ಯೆ ಕಡಿಮೆ, ಮನೆಯವರ ನೆನಪನ್ನೇ ಪುರಾವೆ ಎಂದು ಒಪ್ಪಲಾಗದು ಎಂದಿದ್ದರು. ನನಗೆ ಸಿಟ್ಟು ಬಂತು, ಅವರಿಗೆ ಬರಲಿಲ್ಲ. "ಸರಿಯಾಗೇ ಹೇಳವ್ರೆ. ನಿಮ್ಮವ್ವ ಒಬ್ರೇ ಸಾಲಲ್ಲ. ಇನ್ನೂ ಮನೆ ನೋಡ್ಬೇಕು."

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾನು ವರದಿಯ ಕೆಲಸದ ಮೇಲೆ ಹಿರಿಯೂರಿನ ಕಡೆ ಇದ್ದೆ. ದಾವಣಗೆರೆಯ ಆಸ್ಪತ್ರೆಯಿಂದ ಶವ ತರುತ್ತಿದ್ದಾರೆ ಎಂದು ಎಣ್ಣೆ ಅಂಗಡಿಯ ಯಜಮಾನ ಫೋನ್ ಮಾಡಿ ಅತ್ತನು. ನಿಧನ ವಾರ್ತೆ ಬರೆಯಲು ಕುಳಿತಾಗ ಕೈ ತಾನಾಗಿ "ಅಲ್ಪಕಾಲದ ಅನಾರೋಗ್ಯದಿಂದ" ಎಂದು ಬರೆಯಿತು. ಯಾವ ಅನಾರೋಗ್ಯ ಎಂದು ಅವರು ಕೇಳುತ್ತಿದ್ದರು. ಅಳಿಸಿ, ಮೊಳಕಾಲ್ಮೂರಿಗೆ ಫೋನ್ ಮಾಡಿ, ಅವರ ಅಣ್ಣನನ್ನು ಕೇಳಿ, "ನ್ಯುಮೋನಿಯಾದಿಂದ" ಎಂದು ಬರೆದೆ. ಲಸಿಕೆ ಹಾಕಿಸಿಕೊಂಡಿದ್ದರು. ಅದು ಎಲ್ಲ ರೋಗಾಣುಗಳನ್ನೂ ತಡೆಯುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಹಳೆಯದು.

ಸುದ್ದಿ ಹೇಳಿದಾಗ ಅವ್ವ ಗೋಡೆ ಹಿಡಿದು ಕುಳಿತು, "ಅಯ್ಯೋ, ನಾ ತಲ್ಲೀ," ಎಂದಳು, ನನ್ನ ತಾಯೀ ಎಂದು ತೆಲುಗಿನಲ್ಲಿ. ಅಷ್ಟು ಕೇಳಿದ್ದೇ ತಡ, ನನ್ನ ಹೆಂಡತಿ ಅಡುಗೆ ಮನೆಯಿಂದ, ಆಗಿನಿಂದ ಮನೆಯಲ್ಲೇ ಇಟ್ಟಿದ್ದ ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಯಂತ್ರ ಹಿಡಿದು ಓಡಿ ಬಂದಳು.

"ಅಳೋಕೂ ಬಿಡಲ್ವಲ್ಲೇ ನೀನು," ಎಂದಳು ಅವ್ವ, ಕನ್ನಡದಲ್ಲಿ. ಆದರೂ ಬೆರಳು ಚಾಚಿದಳು.

ನಮ್ಮ ಮನೆ ಈಗ ಹಾಗಾಗಿದೆ. ಬೆಳಿಗ್ಗೆ ಅವ್ವನನ್ನು ಎಬ್ಬಿಸುವಾಗ ಅವಳ ಮೊದಲ ಮಾತು ಬರುವವರೆಗೆ ನಾನು ಕೈಯಲ್ಲಿದ್ದ ಲೋಟವನ್ನು ಕೆಳಗಿಡುವುದಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಒಂದು ಸಂಜೆ ಕ್ಲಿನಿಕ್ಕಿನ ಬಾಗಿಲು ತೆರೆದಿದ್ದು ಕಂಡು ಒಳಗೆ ಹೋದೆ. ಸಿಸ್ಟರ್ ಒಬ್ಬರೇ ಇದ್ದರು. ಕಪಾಟು ಒರೆಸುತ್ತಿದ್ದರು. ರೋಗಿಗಳ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಆ ಕೋಣೆಯಲ್ಲಿ ಅಷ್ಟು ಸಲ ಕೇಳಿದ್ದ ಪ್ರಶ್ನೆ ನನ್ನ ಬಾಯಿಂದ ಬಂತು.

"ಮೊದಲನೇ ದಿನ ಏನಾಯ್ತು ಸಿಸ್ಟರ್?"

"ಏನೂ ಆಗ್ಲಿಲ್ಲಣ್ಣ. ಅವತ್ತು ಚೆನ್ನಾಗೇ ಇದ್ರು. ಭಾಳ ಖುಷಿಯಾಗಿದ್ರು." ಅವರ ಮುಖ ಅರಳಿತು. "ಮೆಟ್ಲು ಇಳಿದು ಬಂದೋರೇ, 'ಏಮ್ಮೇ, ವಚ್ಚಿನಾವಾ?' ಅಂದ್ರು. ಬಂದ್ಯಾ ಅಂತ. ನಂಗೆ ನಂಬೋಕೇ ಆಗ್ಲಿಲ್ಲ. ಇಷ್ಟು ವರ್ಷಕ್ಕೆ ನಂಜೊತೆ ನಮ್ ಮಾತಾಡಿದ್ರಲ್ಲ ಅಂತ! ನಾನೂ ಹಂಗೇ ಆಡ್ದೆ. ಚಿಕ್ಕೋರಿದ್ದಾಗ ಅವರಮ್ಮ ಮಗ್ಗದ ಪಕ್ಕ ಕೂರ್ಸಿ ಊಟ ಮಾಡಿಸ್ತಿದ್ದಿದ್ದು, ಬೆರಳು ಮುರ್ಕೊಂಡಿದ್ದು, ಎಲ್ಲಾ ಹೇಳಿದ್ರು. ತಿಂಡಿ ಬ್ಯಾಡ ಅಂದ್ರು, ಮಾತಿನಾಗೇ ಇದ್ವಿ. ಎಣ್ಣೆ ಅಂಗ್ಡಿ ಯಜಮಾನ್ರು ಬಂದ್ರೆ ಅವ್ರಿಗೂ ತೆಲುಗಲ್ಲೇ ಬೈದ್ರು. ಅವ್ರೂ ತೆಲುಗಲ್ಲೇ ತಿರುಗಿ ಅಂದ್ರು. ಎಲ್ರೂ ಎಷ್ಟು ನಕ್..."

ಅಲ್ಲಿಗೆ ನಿಂತಿತು.

ಒರೆಸುವ ಬಟ್ಟೆ ಅವರ ಕೈಯಲ್ಲೇ ಇತ್ತು. ಎದುರಿನ ಅಂಗಡಿಯಲ್ಲಿ ಡಬ್ಬಿಗಳನ್ನು ಇಳಿಸುತ್ತಿದ್ದರು. ತುಂಬಿದ ಡಬ್ಬಿ ನೆಲ ಮುಟ್ಟಿದಾಗಲೆಲ್ಲ ಆ ಮಂದ ಸದ್ದು.

"ಜ್ವರ ಇರ್ಲಿಲ್ಲಣ್ಣ," ಎಂದರು.

"ಗೊತ್ತು ಸಿಸ್ಟರ್."

"ಕೆಮ್ಮೂ ಇರ್ಲಿಲ್ಲ. ಸಂಜೆ ಮೆಟ್ಲು ಹತ್ತುವಾಗ ಏದುಸಿರು ಬಂತು, ಆಗ್ಲೇ ನಾನು..." ಅವರು ನನ್ನ ಕಡೆ ತಿರುಗಿದರು. "ಅವ್ರ ಮನೆಮಾತೇ ಅದಲ್ವೇನಣ್ಣ? ಅವ್ರದೇ ಮಾತು ಅವ್ರು ಆಡಿದ್ರೆ ಯಾರಿಗೆ ಏನ್ ಅನ್ನಿಸ್ತೈತೆ?"

ಡಾಕ್ಟ್ರಮ್ಮನಿಂದ ನಾನು ಕಲಿತದ್ದು ಒಂದೇ ಒಂದು ಮಾತು. ಸಿಸ್ಟರ್ ಭುಜ ಮುಟ್ಟಿ ಅದನ್ನೇ ಹೇಳಿದೆ.

"ಚೆನ್ನಾಗಿ ನೋಡ್ಕೊಂಡ್ರಿ ಅವರನ್ನ."

ಹೇಳಿದ ಮೇಲೆ ಹೊಳೆಯಿತು. ಆ ಮಾತನ್ನು ನನಗಿಂತ ಹೆಚ್ಚು ಸಲ ಕೇಳಿದ್ದವರು ಅವರು. ಯಾವ ಮನೆಗಳಲ್ಲಿ ಡಾಕ್ಟ್ರಮ್ಮ ಅದನ್ನು ಹೇಳುತ್ತಿದ್ದರು ಎಂದೂ ಬಲ್ಲವರು.

ಸಿಸ್ಟರ್ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಟ್ಟೆಯನ್ನು ಮೆಲ್ಲಗೆ ಮಡಿಸಿ ಬೆಂಚಿನ ಮೇಲಿಟ್ಟರು.

"ನಮ್ದೂ ಅಂಥದ್ದೇ ಒಂದು ಮನೆ ಆಯ್ತಲ್ಲಣ್ಣ," ಎಂದರು.